ಸಾಕ್ಷ್ಯಚಿತ್ರಕ್ಕೆ ಮೊದಲು ಕಾಗದಪತ್ರ

ಚಿಕ್ಕಬಳ್ಳಾಪುರದ ಕಲ್ಲು ಕ್ವಾರಿಯ ಬಗ್ಗೆಯೋ ಕೋಲಾರದ ಫ್ಲೋರೈಡ್ ನೀರಿನ ಬಗ್ಗೆಯೋ ಸಾಕ್ಷ್ಯಚಿತ್ರ ಮಾಡುವವರು ಶೂಟಿಂಗ್‌ಗೆ ಮೊದಲೇ ಒಬ್ಬ ವಕೀಲರನ್ನು ಗೊತ್ತುಮಾಡಿಕೊಳ್ಳಿ. ನೋಟಿಸ್ ಕೈಗೆ ಬಂದ ಮೇಲೆ ಹುಡುಕಾಡಿದರೆ ಉತ್ತರದ ಗಡುವು ಅಲ್ಲೇ ಕರಗುತ್ತದೆ.

ಕ್ಯಾಮೆರಾ ಮುಂದೆ ಮಾತಾಡುವವರ ಒಪ್ಪಿಗೆ ಪತ್ರ ಅವರ ಭಾಷೆಯಲ್ಲಿರಲಿ. ಬಾಗೇಪಲ್ಲಿ ಕಡೆ ತೆಲುಗಿನಲ್ಲಿ ಓದಿ ಹೇಳಿ, ಆ ಓದನ್ನೂ ರೆಕಾರ್ಡ್ ಮಾಡಿ. ಕ್ವಾರಿ ಕಾರ್ಮಿಕರ ಮುಖ ಮಸುಕು ಮಾಡಿದರೆ ಸಾಲದು. ದನಿ, ಮನೆಯ ಗೋಡೆ, ಬೈಕಿನ ನಂಬರ್ ಕೂಡ ಗುರುತು ಬಿಟ್ಟುಕೊಡುತ್ತವೆ. ಅವರ ಕೂಲಿ ಹೋಗುವಂಥ ಶಾಟ್ ಎಷ್ಟೇ ಚೆನ್ನಾಗಿದ್ದರೂ ಬೇಡ.

ಹೆಚ್ಚು ಜನ ಎಡವುವುದು ಸಂಗೀತ ಮತ್ತು ಹಳೆಯ ದೃಶ್ಯಗಳ ಹಕ್ಕಿನಲ್ಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿರಬೇಕು, ಹಕ್ಕು ಕೊಡುವವರ ಸಹಿ ಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಆಗ ಹೊರದೇಶದ ಚಿತ್ರೋತ್ಸವಕ್ಕೆ ಮತ್ತೆ ಅನುಮತಿ ಕೇಳಬೇಕಾಗುತ್ತದೆ. "ವಾಟ್ಸ್ಆ್ಯಪ್‌ನಲ್ಲಿ ಸರಿ ಅಂದಿದ್ದಾರೆ" ಎಂದು ನಂಬಿ ಕೂರಬೇಡಿ.

ಆರೋಪ ಮಾಡುವ ಪ್ರತಿ ವಾಕ್ಯಕ್ಕೂ ದಾಖಲೆ ಇಟ್ಟುಕೊಳ್ಳಿ. ಕ್ವಾರಿ ಗುತ್ತಿಗೆಯ ಪ್ರತಿಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಮಾಹಿತಿ ಹಕ್ಕು ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಎದುರು ಪಕ್ಷಕ್ಕೂ ಲಿಖಿತವಾಗಿ ಪ್ರಶ್ನೆ ಕಳಿಸಿ. ಮೌನವಾಗಿದ್ದರೂ ಆ ಪತ್ರ ಮಾನನಷ್ಟ ಮೊಕದ್ದಮೆಯಲ್ಲಿ ನೆರವಿಗೆ ಬರುತ್ತದೆ.

ಫುಟೇಜ್‌ನ ಒಂದು ಪ್ರತಿ ಬೇರೆ ಊರಲ್ಲಿರಲಿ.

ದುಡ್ಡಿಲ್ಲವೆಂದು ಸುಮ್ಮನಾಗಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು ಆದಾಯ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಸಹಾಯವಾಣಿ 15100.