ಮಂಡ್ಯ ಸೀಮೆಯ ಅಳಿವಿನಂಚಿನ ತಾಣಗಳನ್ನು ನೋಡುವ ಬಗೆ

ಅಳಿಯುತ್ತಿರುವ ಜಾಗವೊಂದಕ್ಕೆ ಹೊರಡುವ ಮೊದಲು ಅದನ್ನು ತಿನ್ನುತ್ತಿರುವುದು ಏನೆಂದು ತಿಳಿದುಕೊಳ್ಳಿ. ನೀರೋ, ಎಣ್ಣೆ–ಕುಂಕುಮವೋ, ರಸ್ತೆ ಅಗಲೀಕರಣವೋ, ಮರ ಕಡಿಯುವುದೋ? ಯಾವ ತಿಂಗಳು ಹೋಗಬೇಕು, ಎಲ್ಲಿ ನಿಲ್ಲಬೇಕು, ಯಾವುದನ್ನು ಮುಟ್ಟಬಾರದು ಎಂಬುದೆಲ್ಲ ಅದರಿಂದಲೇ ಗೊತ್ತಾಗುತ್ತದೆ.

ಮೊದಲ ದಿನಕ್ಕೆ ಕೆ.ಆರ್. ಪೇಟೆ ತಾಲ್ಲೂಕೊಂದೇ ಸಾಕು. ಮೈಸೂರಿನಿಂದ ಸುಮಾರು 60 ಕಿ.ಮೀ. ಪೇಟೆಗೆ ಅಂಟಿಕೊಂಡಂತಿರುವ ಹೊಸಹೊಳಲಿನಲ್ಲಿ ಲಕ್ಷ್ಮೀನಾರಾಯಣ, ಚನ್ನರಾಯಪಟ್ಟಣದ ಕಡೆಗೆ ಮುಂದೆ ಹೋದರೆ ಕಿಕ್ಕೇರಿಯಲ್ಲಿ 1171ರ ಬ್ರಹ್ಮೇಶ್ವರ, ಅಲ್ಲಿಂದ ಹತ್ತಿರದ ಗೋವಿಂದನಹಳ್ಳಿಯಲ್ಲಿ ಪಂಚಲಿಂಗೇಶ್ವರ. ಬೇಲೂರು, ಹಳೇಬೀಡು, ಸೋಮನಾಥಪುರಗಳಿಗೆ 2023ರಲ್ಲಿ ಯುನೆಸ್ಕೊ ಮನ್ನಣೆ ಸಿಕ್ಕಿತು, ಜನವೂ ಅಲ್ಲಿಗೇ ಹೋಗುತ್ತಾರೆ. ಹೊಸಹೊಳಲು, ಕಿಕ್ಕೇರಿ, ಗೋವಿಂದನಹಳ್ಳಿಯ ಗುಡಿಗಳೂ ಅದೇ ಹೊಯ್ಸಳರ ಕಾಲದವು. ಇಲ್ಲಿ ನೂಕುನುಗ್ಗಲಿಲ್ಲ. ಹಾಗಾಗಿ ಒಂದೊಂದಕ್ಕೂ ಎರಡು ಗಂಟೆ ಇಟ್ಟುಕೊಳ್ಳಿ, ಅರ್ಧ ಗಂಟೆಯಲ್ಲಿ ಮುಗಿಸಿದರೆ ಏನೂ ಕಂಡಿರುವುದಿಲ್ಲ.

ಹೊರಗೋಡೆಯನ್ನು ಓರೆ ಬಿಸಿಲಿನಲ್ಲೇ ನೋಡಬೇಕು. ಪೂರ್ವದ ಭಿತ್ತಿಗೆ ಬೆಳಿಗ್ಗೆ 7ರಿಂದ 9, ಪಶ್ಚಿಮಕ್ಕೆ ಸಂಜೆ 4ರ ಮೇಲೆ. ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿದ್ದಾಗ ಕೆತ್ತನೆಯ ಆಳ ಕಾಣುವುದಿಲ್ಲ. ದಕ್ಷಿಣದ ಗೋಡೆಗೆ ಡಿಸೆಂಬರ್–ಜನವರಿಯಲ್ಲಿ ದಿನವಿಡೀ ಬೆಳಕು. ಉತ್ತರದ ಗೋಡೆಗೆ ನೇರ ಬಿಸಿಲು ಚೆನ್ನಾಗಿ ಬೀಳುವುದು ಮೇ, ಜೂನ್, ಜುಲೈನಲ್ಲಿ. ಅದನ್ನೇ ನೋಡುವ ಆಸೆಯಿದ್ದರೆ ಆ ತಿಂಗಳಲ್ಲಿ ಬೆಳಗಿನ ಮೋಡ ನೋಡಿಕೊಂಡು ಹೊರಡಿ.

ಹೊಸಹೊಳಲಿನಲ್ಲಿ ಜಗತಿ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆ, ಹತ್ತಿ ಪ್ರದಕ್ಷಿಣೆಯಾಗಿಯೇ ನಡೆಯಿರಿ. ಗೋಡೆಯ ಬುಡದ ಅಡ್ಡಸಾಲಿನ ಕೆತ್ತನೆಯ ಪಟ್ಟಿಕೆಗಳನ್ನು ಕೆಳಗಿನಿಂದ ಎಣಿಸಿ: ಆನೆ, ಕುದುರೆ ಸವಾರರು, ಬಳ್ಳಿ, ಪುರಾಣ–ಕಾವ್ಯದ ಕಥೆ, ಮಕರ, ಹಂಸ. ನಾಲ್ಕನೆಯದರ ಮುಂದೆ ಕೂತು ನೋಡಬೇಕು, ನಿಂತರೆ ಕಣ್ಣಿನ ಮಟ್ಟಕ್ಕೆ ಸಿಗುವುದಿಲ್ಲ. ಬರಿಗಾಲಲ್ಲಿ ನಡೆಯುವ ಜಾಗವಾದ್ದರಿಂದ ಏಪ್ರಿಲ್ ಮಧ್ಯಾಹ್ನ ಕಲ್ಲು ಕಾದು ಕಾಲಿಡಲಾಗದು. ದಪ್ಪ ಕಾಲುಚೀಲ ಇಟ್ಟುಕೊಳ್ಳಿ.

ಈ ಗುಡಿಗಳದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಗಟ್ಟಿಯಾಗುತ್ತದೆ. ಆದರೂ ಕೀಲಿಕೈ ತಗುಲಿದರೆ ಗೀರು ಉಳಿಯುತ್ತದೆ. ಬೆನ್ನುಚೀಲವನ್ನು ಎದೆಗೆ ಹಾಕಿಕೊಳ್ಳಿ, ಕಿರಿದಾದ ಕಡೆ ತಿರುಗುವಾಗ ಅದರ ಜಿಪ್ಪು, ಬಕಲ್ಲು ಗೋಡೆಗೆ ಉಜ್ಜುವುದು ಗೊತ್ತೇ ಆಗುವುದಿಲ್ಲ. ಭಿತ್ತಿಯ ವಿಗ್ರಹಗಳಿಗೆ ಎಣ್ಣೆ, ಅರಿಶಿನ, ಕುಂಕುಮ ಬೇಡ. ಎಣ್ಣೆಗೆ ದೂಳು ಕೂತು ಕಪ್ಪು ಪದರ ಕಟ್ಟುತ್ತದೆ, ಅದನ್ನು ಕೆರೆದು ತೆಗೆಯುವಾಗ ಮೂಗು, ಬೆರಳುಗಳ ನಯವೂ ಹೋಗುತ್ತದೆ. ಭಕ್ತಿಯಿದ್ದರೆ ಹೂವು, ಎಣ್ಣೆಯನ್ನು ಒಳಗೆ ಅರ್ಚಕರ ಕೈಗೆ ಕೊಡಿ.

ಸಣ್ಣ ಗುಡಿಗಳ ಬಾಗಿಲು ಬೆಳಗಿನ ಪೂಜೆ ಮುಗಿದ ಮೇಲೆ ಹಾಕಿರುತ್ತದೆ. ಬೀಗದ ಕೈ ಅರ್ಚಕರ ಮನೆಯಲ್ಲೋ ಕಾವಲುಗಾರರ ಹತ್ತಿರವೋ ಇರುತ್ತದೆ. ಊರಿನ ಅಂಗಡಿಯಲ್ಲಿ ವಿಚಾರಿಸಿ, “ಬಿಡುವಿದ್ದಾಗ ಬನ್ನಿ ಸ್ವಾಮಿ” ಎಂದು ಕೇಳಿ ಕಾಯಿರಿ. ಊಟದ ಹೊತ್ತಿನಲ್ಲಿ ಬಾಗಿಲು ಬಡಿಯುವುದು ಸರಿಯಲ್ಲ. ನವರಂಗದ (ಗರ್ಭಗುಡಿಯ ಮುಂದಿನ ಕಂಬಗಳ ಮಂಟಪ) ಚಾವಣಿಗೆ ಟಾರ್ಚ್ ಬೇಕೇ ಬೇಕು. ಟ್ರೈಪಾಡ್, ಡ್ರೋನ್‌ಗೆ ಮುಂಚಿತವಾಗಿ ಅನುಮತಿ ಪಡೆಯಿರಿ. ಶಾಸನ ಓದಲು ಸೀಮೆಸುಣ್ಣ, ಹಿಟ್ಟು ತಿಕ್ಕಬೇಡಿ, ಟಾರ್ಚನ್ನು ಕಲ್ಲಿಗೆ ಸಮಾನಾಂತರವಾಗಿ ಪಕ್ಕದಿಂದ ಹಿಡಿದರೆ ಅಕ್ಷರ ತಾನೇ ಎದ್ದು ಬರುತ್ತದೆ. ಮೈಸೂರು ವಿಶ್ವವಿದ್ಯಾನಿಲಯ ಹೊರತಂದ ಶಾಸನ ಸಂಕಲನ ಎಪಿಗ್ರಾಫಿಯಾ ಕರ್ನಾಟಿಕದ ಪರಿಷ್ಕೃತ 6ನೇ ಸಂಪುಟದಲ್ಲಿ ಈ ತಾಲ್ಲೂಕಿನ ಶಾಸನಗಳಿವೆ. ಶಾಸನಪಾಠದ ಪುಟಗಳನ್ನು ಮೊದಲೇ ಫೋಟೊ ತೆಗೆದುಕೊಂಡು ಹೋದರೆ ಕಲ್ಲಿನ ಮುಂದೆ ನಿಂತು ಸಾಲುಸಾಲಾಗಿ ಓದಬಹುದು. ಆ ಸಂತೋಷಕ್ಕೆ ಬೇರೆ ಸಾಟಿಯಿಲ್ಲ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗುವ ಕ್ರಮ ಬೇರೆ. ಇಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ, ಅತ್ತಿ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ. 2007ರಿಂದ ಇದು ಸಮುದಾಯ ಮೀಸಲು ಪ್ರದೇಶ. ಹಳೆಯ ಮರ ಬಿದ್ದರೆ ಗೂಡಿನ ಜಾಗವೂ ಹೋಯಿತು, ಕೆರೆಗಳು ಒಣಗಿದರೆ ಮೀನೂ ಇಲ್ಲ. 2017–18ರ ಹೊತ್ತಿಗೆ ಜಂತುಹುಳುವಿನಿಂದ ಹೆಜ್ಜಾರ್ಲೆಗಳು ಸತ್ತದ್ದೂ ಉಂಟು. ಜನವರಿಯಿಂದ ಏಪ್ರಿಲ್‌ವರೆಗೆ, ಬೆಳಿಗ್ಗೆ 6:30ರಿಂದ 9ರ ಒಳಗೆ ಹೋಗಿ. ಮರಿಗಳನ್ನು ನೋಡಬೇಕಾದರೆ ಮಾರ್ಚ್ ಒಳ್ಳೆಯದು.

ಹಳೆಯ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರುದ್ರಾಕ್ಷಿಪುರದ ಹತ್ತಿರ ತಿರುಗಿ ಸುಮಾರು 12 ಕಿ.ಮೀ. ಎಕ್ಸ್‌ಪ್ರೆಸ್‌ವೇ ಹಿಡಿದವರು ಈ ತಿರುವನ್ನು ದಾಟಿ ಹೋಗುವುದೇ ಹೆಚ್ಚು. ಬೈಕಿನವರು ಹೇಗೂ ಸರ್ವಿಸ್ ರಸ್ತೆಯಲ್ಲೇ ಬರಬೇಕು, 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕು, ಆಟೊಗಳಿಗೆ ಪ್ರವೇಶವಿಲ್ಲ. ಗಾಡಿ ಊರಾಚೆ ನಿಲ್ಲಿಸಿ ನಡೆಯಿರಿ, ಹಾರನ್ ಬೇಡ. ಗೂಡಿನ ನೇರ ಕೆಳಗೆ ನಿಲ್ಲದೆ ಪಕ್ಕದ ಬೀದಿಯಿಂದ 8x42 ಬೈನಾಕ್ಯುಲರ್‌ನಲ್ಲಿ ನೋಡಿ. ಹಕ್ಕಿ ಬೆದರಿ ಎದ್ದರೆ ಮೊಟ್ಟೆ, ಎಳೆಮರಿಗಳಿಗೆ ಬಿಸಿಲು ಬಡಿಯುತ್ತದೆ, ಕಾಗೆಗಳೂ ಕಾದಿರುತ್ತವೆ. ಮರಗಳಿರುವುದು ಜನರ ಹಿತ್ತಿಲಲ್ಲಿ, ಆದ್ದರಿಂದ “ಒಳಗೆ ಬರಬಹುದಾ ಅಮ್ಮ?” ಎಂದು ಕೇಳಿಯೇ ಕಾಲಿಡಿ. ಗೂಡಿನಿಂದ ಬಿದ್ದ ಮರಿ ಕಂಡರೆ ಎತ್ತಬೇಡಿ, ನೀರು ಕುಡಿಸಬೇಡಿ. ಹಕ್ಕಿ ಕಾಯುವ ಊರಿನ ಗುಂಪಾದ ಹೆಜ್ಜಾರ್ಲೆ ಬಳಗದವರಿಗೆ ತಿಳಿಸಿ, ಅಂಥ ಮರಿಗಳನ್ನು ಸಾಕಿ ಬಿಡುವ ಅನುಭವ ಅವರಿಗಿದೆ.

ಕನ್ನಂಬಾಡಿ (ಕೆ.ಆರ್.ಎಸ್.) ಅಣೆಕಟ್ಟೆಯ ಹಿನ್ನೀರಿಗೆ ಹೋಗುವವರು ಅಂದಿನ ಪತ್ರಿಕೆಯಲ್ಲಿ ನೀರಿನ ಮಟ್ಟ ನೋಡಿಕೊಳ್ಳಿ. ಪೂರ್ತಿ ತುಂಬಿದಾಗ ಅದು 124.80 ಅಡಿ. ಮುಳುಗಿದ್ದ ವೇಣುಗೋಪಾಲಸ್ವಾಮಿ ಗುಡಿಯನ್ನು ಕಲ್ಲುಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ, ಅಲ್ಲಿಗೆ ದಾರಿ ಸುಲಭ. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಜಾಗದಲ್ಲಿ ಮಾತ್ರ ಎಚ್ಚರ. ಮೇಲೆ ಒಣಗಿ ಬಿರುಕುಬಿಟ್ಟಂತೆ ಕಂಡರೂ ಅಡಿಯಲ್ಲಿ ಕೆಸರಿರುತ್ತದೆ. ದನಕರುಗಳ ಹೆಜ್ಜೆಯಿಲ್ಲದ ಕಡೆ ಇಳಿಯಬೇಡಿ, ಕಾರನ್ನಂತೂ ಇಳಿಸಲೇಬೇಡಿ.

ಎಲ್ಲಕ್ಕಿಂತ ಬೇಗ ಕಾಣೆಯಾಗುತ್ತಿರುವುದು ಕೆರೆ ಏರಿ, ಹೊಲದ ಬದು, ಊರಬಾಗಿಲುಗಳಲ್ಲಿ ನಿಂತ ವೀರಗಲ್ಲು, ಮಾಸ್ತಿಕಲ್ಲುಗಳು, ಅಂದರೆ ಕಾದಿ ಮಡಿದ ವೀರರ, ಸತಿ ಹೋದ ಹೆಂಗಸರ ನೆನಪಿಗೆ ನಿಲ್ಲಿಸಿದ ಕಲ್ಲುಗಳು. ಇವಕ್ಕೆ ಬೇಲಿಯೂ ಇಲ್ಲ, ಫಲಕವೂ ಇಲ್ಲ. ರಸ್ತೆ ಅಗಲವಾದರೆ ಮಣ್ಣಿನಡಿ ಹೋಗುತ್ತವೆ, ಕೆಲವು ಬಟ್ಟೆ ಒಗೆಯುವ ಕಲ್ಲಾಗುತ್ತವೆ. ಕಂಡರೆ ಎತ್ತಿ ನಿಲ್ಲಿಸಲು ಹೋಗಬೇಡಿ, ಬುಡದಲ್ಲೇ ಮುರಿಯುತ್ತವೆ. ಮುಂದೆ, ಹಿಂದೆ, ಎರಡು ಪಕ್ಕ, ಜೊತೆಗೆ ಅಳತೆಪಟ್ಟಿ ಇಟ್ಟು ಒಂದು, ಹೀಗೆ ಐದು ಫೋಟೊ ತೆಗೆಯಿರಿ. ಊರು, ಹೋಬಳಿ, ಹತ್ತಿರದ ಗುರುತು, ಮುಖ ಮಾಡಿರುವ ದಿಕ್ಕು ಬರೆದುಕೊಂಡು ಗ್ರಾಮ ಪಂಚಾಯಿತಿಗೂ ಪುರಾತತ್ವ ಇಲಾಖೆಯ ಮೈಸೂರು ಕಚೇರಿಗೂ ಒಂದೊಂದು ಪ್ರತಿ ಕೊಡಿ. ಒಂಟಿ ಗುಡಿಗಳ, ಕಲ್ಲುಗಳ ನಿಖರ ಜಾಗವನ್ನು ಸಾಮಾಜಿಕ ಜಾಲತಾಣಕ್ಕೆ ಹಾಕಬೇಡಿ, ನಿಧಿಗಳ್ಳರಿಗೂ ಅದೇ ದಾರಿದೀಪ. ಲಿಂಗದ ಬುಡದಲ್ಲೋ ಕಲ್ಲಿನ ಅಡಿಯಲ್ಲೋ ಹೊಸದಾಗಿ ಅಗೆದ ಗುಂಡಿ ಕಂಡರೆ ಮುಚ್ಚದೆ, ಸುತ್ತ ತುಳಿಯದೆ, ಫೋಟೊ ತೆಗೆದು ಅಂದೇ ಹತ್ತಿರದ ಪೊಲೀಸ್ ಠಾಣೆಗೂ ತಹಶೀಲ್ದಾರರ ಕಚೇರಿಗೂ ತಿಳಿಸಿ.