ಒಂದೇ ಮೇಜು, ಎರಡು ಪಾರ್ಟಿ: ನಮ್ಮೂರಲ್ಲಿ ರಾಜಕೀಯ ಶೋ ಮಾಡೋದು ಹೇಗೆ

ಬಾಗಲಕೋಟೆ, ಬೆಳಗಾವಿ ಕಡೆ ಮೊಬೈಲ್ ಹಿಡಿದು ಸುದ್ದಿ ಹೇಳುವವರಿಗೇನೂ ಬರ ಇಲ್ಲ. ಆದರೆ ಒಬ್ಬ ಕಾಂಗ್ರೆಸ್ ಕಡೆಯವನು, ಒಬ್ಬ ಬಿಜೆಪಿ ಕಡೆಯವನು ಒಟ್ಟಿಗೆ ಕೂತು ಕಿರುಚಾಡದೆ ಅರ್ಧ ಗಂಟೆ ಮಾತಾಡುವ ಚಾನೆಲ್ ಸಿಗೋದು ಕಷ್ಟ. ಅಮೆರಿಕದಲ್ಲಿ ಎಡಪಂಥದ ಕ್ರಿಸ್ಟಲ್ ಬಾಲ್, ಬಲಪಂಥದ ಸಾಗರ್ ಎಂಜೇಟಿ ತಾವಿದ್ದ ಶೋ ಬಿಟ್ಟು 2021ರಲ್ಲಿ 'ಬ್ರೇಕಿಂಗ್ ಪಾಯಿಂಟ್ಸ್' ಅಂತ ಸ್ವಂತದ್ದು ಶುರು ಮಾಡಿದರು, ನೋಡುಗರ ಚಂದಾ ಹಣ ನಂಬಿಕೊಂಡು. ಅದಕ್ಕೂ ಮುಂಚೆ ಸಿಎನ್‌ಎನ್‌ನಲ್ಲಿ 'ಕ್ರಾಸ್‌ಫೈರ್' ಇತ್ತು. ಅಲ್ಲೂ ಎರಡು ಕಡೆಯವರೇ, ಆದರೆ ಬರೀ ಜಗಳ. 2004ರಲ್ಲಿ ಹಾಸ್ಯಗಾರ ಜಾನ್ ಸ್ಟೀವರ್ಟ್ ಅದೇ ಶೋಗೆ ಹೋಗಿ, ನೀವು ದೇಶಕ್ಕೆ ಕೇಡು ಮಾಡ್ತಿದ್ದೀರಿ ಅಂತ ಮುಖಕ್ಕೇ ಹೇಳಿ ಬಂದರು.

ನೀವು ಮಾಡೋದಾದರೆ ಮೊದಲ ಕೆಲಸ ಇಬ್ಬರನ್ನು ಆರಿಸೋದು. ಪದಾಧಿಕಾರಿ ಬೇಡ. ಟಿಕೆಟ್ ಆಕಾಂಕ್ಷಿ ಅಂತೂ ಬೇಡವೇ ಬೇಡ. ಪರೀಕ್ಷೆ ಸುಲಭ: 'ನಿಮ್ಮ ಪಾರ್ಟಿ ಮಾಡಿದ ತಪ್ಪು ಒಂದ ಹೇಳ್ರಿ ನೋಡೋಣ' ಅಂತ ಕೇಳಿ. ಥಟ್ಟನೆ ಹೇಳಿದರೆ ಅವರೇ ಬೇಕು. 'ತಪ್ಪೇನಿಲ್ರೀ, ಪ್ರಚಾರ ಕಡಿಮಿ ಆತು' ಅಂದರೆ ಚಹಾ ಕುಡಿಸಿ ಕಳಿಸಿ.

ಮೊದಲ ಕಂತಿಗೆ ಕಬ್ಬು ಹಿಡೀರಿ. ಇಬ್ಬರಿಗೂ ಮುಜುಗರ ಆಗುವ ವಿಷಯ ಅದು. ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ಕಬ್ಬಿನ ದರ, ನಿಗದಿ ಮಾಡೋದು ಕೇಂದ್ರ, ರೈತರು ರಸ್ತೆಗೆ ಕೂತಾಗ ಸಂಭಾಳಿಸೋದು ರಾಜ್ಯ, ಇನ್ನು ಕಾರ್ಖಾನೆ ಮಾಲೀಕರು ಎರಡೂ ಪಾರ್ಟಿಯಲ್ಲಿದ್ದಾರೆ!

ಇಲ್ಲಿ ಒಂದು ನಿಯಮ ಹಾಕಿಕೊಳ್ಳಿ, ನನ್ನ ಪ್ರಕಾರ ಇಡೀ ಶೋ ನಿಲ್ಲೋದೇ ಇದರ ಮೇಲೆ. ಶೂಟಿಂಗ್ ಹಿಂದಿನ ದಿನ ಇಬ್ಬರೂ ಕೂತು ಒಂದೇ ಹಾಳೆಯಲ್ಲಿ ಅಂಕಿ-ಸಂಖ್ಯೆ ಬರೆದು ಒಪ್ಪಬೇಕು. ಹಾಳೆಯಲ್ಲಿ ಇಲ್ಲದ ಅಂಕಿಯನ್ನು ಯಾರಾದರೂ ಬಾಯಿಗೆ ಬಂದಂತೆ ಹೇಳಿದರೆ ಕ್ಯಾಮೆರಾ ಹಿಂದಿರುವವರು ಅಲ್ಲೇ ನಿಲ್ಲಿಸಬೇಕು.

ಯಾಕೆ ಅಂತ ನೋಡಿ. 2025-26ರ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಅದು ಸಕ್ಕರೆ ಇಳುವರಿ ಶೇ. 10.25 ಇದ್ದಾಗಿನ ದರ, ಅಂದರೆ ನೂರು ಕೆಜಿ ಕಬ್ಬಿಗೆ 10.25 ಕೆಜಿ ಸಕ್ಕರೆ ಬಂದಾಗ. ಕಟಾವು, ಸಾಗಣೆ ಖರ್ಚು ಅದರಲ್ಲೇ ಮುರಿದುಕೊಳ್ಳುತ್ತಾರೆ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಕೇಳಿದ್ದು 3,500, ಮಾತುಕತೆ ಮುಗಿದದ್ದು 3,300ಕ್ಕೆ. ದರ 3,550 ಇರುವಾಗ ಅದಕ್ಕಿಂತ ಕಡಿಮೆಗೆ ಹೋರಾಟ ಯಾಕೆ ಅಂತ ಬೆಂಗಳೂರಿನವರು ಕೇಳಬಹುದು. ರೈತರು ಕೇಳಿದ್ದು ಕಟಾವು, ಸಾಗಣೆ ಕಳೆದು ಕೈಗೆ ಬರುವ ದುಡ್ಡು, ಅಲ್ವಾ? ಇದನ್ನು ಬಿಡಿಸಿ ಹೇಳದೆ ಶುರು ಮಾಡಿದರೆ ಒಬ್ಬ 3,550 ಅಂತಾನೆ, ಇನ್ನೊಬ್ಬ 3,300 ಅಂತಾನೆ, ಇಬ್ಬರ ಅಂಕಿಯೂ ಸರಿಯೇ, ನೋಡುವವನಿಗೆ ಮಾತ್ರ ತಲೆಬುಡ ತಿಳಿಯಲ್ಲ.

ಹಾಳೆ ಒಪ್ಪಿದ ಮೇಲೆ ಜಗಳ ಎಷ್ಟು ಬೇಕಾದರೂ ಆಗಲಿ. ಎಫ್‌ಆರ್‌ಪಿ ಸಾಕಾ, ಅದರ ಮೇಲೆ ರಾಜ್ಯ ಸರ್ಕಾರ ಇನ್ನಷ್ಟು ಹಾಕಿಕೊಡಬೇಕಾ, ಕಬ್ಬಿನಿಂದ ತೆಗೆಯುವ ಎಥನಾಲ್ ಇಂಧನದ ಲಾಭ ಯಾರ ಜೇಬಿಗೆ? ಜೊತೆಗೆ ಇಬ್ಬರಿಗೂ ಒಂದೇ ಪ್ರಶ್ನೆ ಹಾಕಿ. ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ ಕೊಡಬೇಕು, ತಡವಾದರೆ ಶೇ. 15 ಬಡ್ಡಿ ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. 'ನಿಮ್ಮ ಪಾರ್ಟಿ ಸಾಹುಕಾರರ ಫ್ಯಾಕ್ಟರಿ ಎಂದಾರ ಬಡ್ಡಿ ಕೊಟ್ಟೈತೇನ್ರಿ?' ಇಂಥ ಪ್ರಶ್ನೆಗೆ ಇಬ್ಬರೂ ಸ್ವಂತ ಪಾರ್ಟಿ ಕಡೆಗೇ ತಿರುಗಿ ಉತ್ತರ ಹೇಳಬೇಕು.

ಬೆಳಗಾವಿಯಲ್ಲಿ ಮಾಡುವವರು ಗಡಿ ವಿಷಯ ಎತ್ತುವ ಮುಂಚೆ ಯೋಚಿಸಿ. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಆ ವಿಷಯದಲ್ಲಿ ನಿಮ್ಮ ಕಾಂಗ್ರೆಸ್‌ನವನೂ ಬಿಜೆಪಿಯವನೂ ಒಂದೇ ಕಡೆ. ಮರಾಠಿ ಭಾಷಿಕರೊಬ್ಬರನ್ನು ಕೂರಿಸದಿದ್ದರೆ ಅದು ಚರ್ಚೆ ಅಲ್ಲ, ಭಜನೆ.

ಸಾಮಾನಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಂದು ಒಳ್ಳೆ ಫೋನು, ಸ್ಟ್ಯಾಂಡು, ಇಬ್ಬರಿಗೂ ಬೇರೆಬೇರೆ ಕಾಲರ್ ಮೈಕು. ಫ್ಯಾನ್ ಆಫ್ ಮಾಡಲೇಬೇಕು, ಇಲ್ಲಾಂದ್ರೆ ಬರೀ ಗರಗರ ಕೇಳುತ್ತೆ. ಅದಕ್ಕೇ ಏಪ್ರಿಲ್, ಮೇನಲ್ಲಿ ಬೆಳಗ್ಗೆಯೇ ಶೂಟಿಂಗ್ ಮುಗಿಸಿ. ಟಿವಿ ಚಾನೆಲ್‌ಗಳ ತುಣುಕು ಸುಮ್ನೆ ಎತ್ತಿ ಹಾಕಬೇಡಿ, 90 ದಿನದಲ್ಲಿ ಮೂರು ಕಾಪಿರೈಟ್ ಸ್ಟ್ರೈಕ್ ಬಿದ್ದರೆ ಯೂಟ್ಯೂಬ್ ಚಾನೆಲ್ಲೇ ಹೋಗುತ್ತೆ. ಬೇಕಿದ್ದರೆ ಅಭ್ಯರ್ಥಿಗಳ ಅಫಿಡವಿಟ್ ತೋರಿಸಿ, ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತೆ.

ದುಡ್ಡು ಬೇಗ ಬರಲ್ಲ. ಯೂಟ್ಯೂಬ್ ಜಾಹೀರಾತಿನ ಪಾಲು ಬೇಕಂದರೆ 1,000 ಚಂದಾದಾರರು, ಹನ್ನೆರಡು ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಆಗಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ. ಅಲ್ಲಿಯವರೆಗೆ ಬಟ್ಟೆ ಅಂಗಡಿ, ಕೋಚಿಂಗ್ ಸೆಂಟರ್ ಜಾಹೀರಾತು ಹಿಡೀರಿ. ಶಾಸಕರ ಹುಟ್ಟುಹಬ್ಬದ ಶುಭಾಶಯ ಮಾತ್ರ ಬೇಡ. ಎರಡೂ ಪಾರ್ಟಿಯವರಿಂದ ತಗೊಂಡರೆ ಸಮ ಆಗುತ್ತೆ ಅನ್ನುವವರಿದ್ದಾರೆ. ಆಗಲ್ಲ, ಇಬ್ಬರ ಬಾಯಿಗೂ ಬೀಗ ಬೀಳುತ್ತೆ ಅಷ್ಟೇ.

ಕಾನೂನಿನ ಎರಡು ಮಾತು. 2021ರ ಐಟಿ ನಿಯಮದ ಪ್ರಕಾರ ಸುದ್ದಿ ಕೊಡುವವರು ದೂರು ಕೇಳಲು ಒಬ್ಬರನ್ನು ನೇಮಿಸಿ, ಬಂದ ದೂರನ್ನು 15 ದಿನದಲ್ಲಿ ಮುಗಿಸಬೇಕು. ಇನ್ನು ಚುನಾವಣೆ ಬಂದಾಗ, ಮತದಾನ ಮುಗಿಯುವ ಹೊತ್ತಿಗಿಂತ ಹಿಂದಿನ 48 ಗಂಟೆ ಪ್ರಚಾರದಂಥ ಯಾವ ವಿಡಿಯೋವನ್ನೂ ಹಾಕಬೇಡಿ. ಆ ಎರಡು ದಿನ ಮತಗಟ್ಟೆ ಎಲ್ಲಿದೆ, ಯಾವ ಗುರುತಿನ ಚೀಟಿ ನಡೆಯುತ್ತೆ ಅಂತ ಇಬ್ಬರೂ ಸೇರಿ ಹೇಳಿ.