ತೂಕ ಇಳಿಸುವ ಬಾಕ್ಸಿಂಗ್ ಹುಡುಗರಿಗೆ

ಮಂಗಳೂರಿನ ಸೆಕೆಯಲ್ಲಿ ಪ್ಲಾಸ್ಟಿಕ್ ಜಾಕೆಟ್ ಹಾಕಿ ಓಡಬೇಡಿ, ದಯವಿಟ್ಟು. ಗಾಳಿಯಲ್ಲೇ ತೇವ ಜಾಸ್ತಿ. ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಆಡುತ್ತಿದ್ದಾಗ ನಾನೂ ಹಾಗೆ ಓಡಿ, ತೂಕದ ಯಂತ್ರದ ಎದುರೇ ಕಣ್ಣು ಕತ್ತಲೆ ಬಂದು ಕೂತಿದ್ದೆ. 1997ರಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿ ಹುಡುಗರು ಹೀಗೆ ತೂಕ ಇಳಿಸಲು ಹೋಗಿ ತೀರಿಕೊಂಡರು.

ಪಂದ್ಯಕ್ಕೆ ತೂಕ ನೋಡುವ ಮುಂಚಿನ ಕೊನೆಯ ಎರಡು ದಿನ ಕುಚ್ಚಲಕ್ಕಿ, ಸೊಪ್ಪು, ಕಾಳು ಬಿಟ್ಟು ಬೆಳ್ತಿಗೆ (ಬಿಳಿ ಅಕ್ಕಿ) ಅನ್ನ, ಮೊಟ್ಟೆ, ಮೀನು ತಿನ್ನಿ. ನಾರು ಕಡಿಮೆಯಾದರೆ ಹೊಟ್ಟೆಯ ಭಾರ ಇಳಿಯುತ್ತದೆ.

ತೂಕ ನೋಡಿದ ಮೇಲೆ ಬರೀ ಸೀಯಾಳ ಸಾಲದು. ಬೆವರಲ್ಲಿ ಹೋಗಿದ್ದು ಉಪ್ಪು ಅಲ್ವಾ? ಸೀಯಾಳದಲ್ಲಿ ಪೊಟ್ಯಾಶಿಯಂ ಜಾಸ್ತಿ, ಸೋಡಿಯಂ ಕಡಿಮೆ. ಓಆರ್‌ಎಸ್ ಕಲಸಿ ಗುಟುಕು ಗುಟುಕಾಗಿ ಕುಡಿಯಿರಿ. ಆಮೇಲೆ ಉಪ್ಪು ಹಾಕಿದ ಗಂಜಿ.

ಹದಿನೆಂಟು ತುಂಬದವರ ತೂಕ ಇಳಿಸಲೇಬೇಡಿ, ಮೇಲಿನ ತೂಕದ ವಿಭಾಗದಲ್ಲಿ ಆಡಿಸಿ.